ಪೀಪಾಯಿಯ ಹಿಂಬದಿ

ಸತ್ತಾರ್ ಭಾಯ್ ಅವರನ್ನು ನಾನು ಮೊದಲು ಕಂಡದ್ದು ನ್ಯೂಯಾರ್ಕಿಗೆ ಹತ್ತಿರದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ. ಕಾಲು ಸಡಿಲವಾದ ಕುರ್ಚಿಯೊಂದನ್ನು ಯಾರೋ ಅಲ್ಲಿ ಬಿಸಾಡಿ ಹೋಗಿದ್ದರು. ಬಿಳಿ ಗಡ್ಡದ ಈ ಮನುಷ್ಯ ಅದನ್ನು ತಲೆಕೆಳಗಾಗಿ ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ತಮಗೆ ತಾವೇ, "ಮರ ಒಳ್ಳೇದು, ಮಾಡಿದೋನು ಸರಿ ಇಲ್ಲ" ಎಂದು ಅಚ್ಚ ಕನ್ನಡದಲ್ಲಿ ಹೇಳಿಕೊಂಡರು. ನಾನು ಬಟ್ಟೆಬುಟ್ಟಿ ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಕೆಲಸ ಹೋಗಿ ಎರಡು ವಾರವಾಗಿತ್ತು; ಕುಳಿತುಕೊಳ್ಳಲು ನನ್ನಲ್ಲಿ ಬೇಕಾದಷ್ಟು ಸಮಯವಿತ್ತು.

ಅದು 2008ರ ಅಕ್ಟೋಬರ್. ನದಿಯಾಚೆ ನ್ಯೂಯಾರ್ಕಿನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಮಗುಚಿದ ಪೆಟ್ಟು ನಮ್ಮ ಆಫೀಸ್ ಪಾರ್ಕಿನವರೆಗೂ ಬಂದಿತ್ತು. ಹದಿನೆಂಟು ವರ್ಷ ಒಂದೇ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದ ನನ್ನನ್ನು ಒಂದು ಮಂಗಳವಾರ ಹನ್ನೊಂದು ನಿಮಿಷದ ಮೀಟಿಂಗಿನಲ್ಲಿ ಮನೆಗೆ ಕಳಿಸಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ದಿನಗಳಲ್ಲಂತೂ ಟೋಸ್ಟರಿನ ಮೇಲೂ ರೇಗುತ್ತಿದ್ದೆ.

ಸತ್ತಾರ್ ಭಾಯ್ ಚನ್ನಪಟ್ಟಣದವರು. ನಲವತ್ತೆರಡು ವರ್ಷ ಲೇತ್ ಮುಂದೆ ಕುಳಿತು ಹಾಲೆ ಮರದ ಬೊಂಬೆ, ಬುಗುರಿ, ಗಿಲಕಿ ಮಾಡಿದವರು. ಮರ ತಿರುಗುತ್ತಿರುವಾಗಲೇ ಅದಕ್ಕೆ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲವಂತೆ. ಇದನ್ನು ಹೇಳಿದ್ದು ಅವರಲ್ಲ, ಅವರ ಹೆಂಡತಿ ಅಖ್ತರಿ. ಮಗಳು ಫಿರ್ದೌಸ್ ಇಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡು ಒಂದು ವರ್ಷವಾಗಿತ್ತು. ಅಳಿಯನ ಕಾಂಟ್ರಾಕ್ಟ್ ಆ ಸೆಪ್ಟೆಂಬರಿನಲ್ಲಿ ಮುಗಿದು ಇನ್ನೊಂದು ಸಿಕ್ಕಿರಲಿಲ್ಲ, ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಐವತ್ತೊಂಬತ್ತರ ಸತ್ತಾರ್ ಭಾಯ್‌ಗೆ ಕೈಕಟ್ಟಿ ಕೂರುವುದೇ ಒಂದು ಕಾಯಿಲೆಯಾಗಿತ್ತು. ಅವರಿಗೆ ಇಂಗ್ಲಿಷೂ ಬಾರದು, ಡ್ರೈವಿಂಗೂ ಬಾರದು. ನನಗೆ ಎರಡೂ ಬರುತ್ತಿತ್ತು, ಕೆಲಸ ಮಾತ್ರ ಇರಲಿಲ್ಲ. ಕುರುಡನಿಗೆ ಕುಂಟ ಸಿಕ್ಕ ಹಾಗೆ ನಾವಿಬ್ಬರೂ ಜೊತೆಯಾದೆವು.

ಒಂದು ಶನಿವಾರ ಅವರನ್ನು ರೈತರ ಸಂತೆಗೆ ಕರೆದುಕೊಂಡು ಹೋದೆ. ಬದನೆಕಾಯಿ ಆರಿಸುತ್ತಿದ್ದ ನಾನು ತಿರುಗಿ ನೋಡಿದರೆ ಈ ಮನುಷ್ಯ ಮಾಯ. ನಾಲ್ಕು ಮೇಜು ಆಚೆ, ವೈನ್ ಮಾರುವವರ ಅಂಗಡಿಯಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಮೇಜಿನ ಕೆಳಗೆ ತೋರಿಕೆಗೆ ಇಟ್ಟಿದ್ದ ಪುಟ್ಟ ಪೀಪಾಯಿಯೊಂದು ತೊಟ್ಟಿಕ್ಕುತ್ತಿತ್ತು. ಅವರು ಹಣ್ಣಿನ ಪೆಟ್ಟಿಗೆಯಿಂದ ಒಂದು ಸಿಬಿರು ಮುರಿದು, ಚಾಕುವಿನಿಂದ ಹೆರೆದು, ಸಂದಿಗೆ ಇಟ್ಟು ಕಲ್ಲಿನಿಂದ ಎರಡು ಸಲ ಮೆಲ್ಲಗೆ ಬಡಿದರು. ತೊಟ್ಟಿಕ್ಕುವುದು ನಿಂತಿತು. ಮೇಜಿನ ಹಿಂದೆ ನಿಂತಿದ್ದ ಎಪ್ಪತ್ತೈದರ ಮುದುಕ ಇದನ್ನೆಲ್ಲ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಈತ ಸೋಮವಾರ ಬರಬಲ್ಲನೇ ಎಂದು ಕೇಳಿದ. ಆತನೇ ಟೋನಿ.

ಟೋನಿಯ ಎಸ್ಟೇಟ್ ರಾಜ್ಯದ ಪಶ್ಚಿಮಕ್ಕೆ, ಗುಡ್ಡದ ಇಳಿಜಾರಿನಲ್ಲಿ. ಪಾರ್ಸಿಪನಿಯಿಂದ ಒಂದು ಗಂಟೆಯ ಡ್ರೈವ್. ಅವನ ಅಜ್ಜ ಇಟಲಿಯಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಳ್ಳಿಯ ತುಂಡುಗಳಿಂದ ಬೆಳೆದ ತೋಟವಂತೆ. ಅವರು ಮಾಡುವುದು ಒಂದೇ ಒಂದು ಕೆಂಪು ವೈನ್. ಹೊಸದರಲ್ಲಿ ಅದು ಕಾಯಿ ನೇರಳೆ ತಿಂದ ಹಾಗೆ ನಾಲಿಗೆ ಹಿಡಿಯುತ್ತದೆ, ಆ ಒಗರು ಇಳಿಯಬೇಕಾದರೆ ಆರು ವರ್ಷ ಮರದೊಳಗೆ ಕೂರಬೇಕು. ಐದಾದರೂ ತೆಗೆಯುವುದಿಲ್ಲ. ತಾಳಿದವನು ಬಾಳಿಯಾನು ಎಂಬ ಮಾತನ್ನು ನಾವು ಬಾಯಲ್ಲಿ ಹೇಳುತ್ತೇವೆ, ಈ ಜನ ಅದನ್ನು ಪೀಪಾಯಿಯಲ್ಲಿ ತುಂಬಿಟ್ಟಿದ್ದರು.

ನೆಲಮಾಳಿಗೆಯಲ್ಲಿ ಆಳೆತ್ತರದ ಮೂರು ಪೀಪಾಯಿಗಳಿದ್ದವು. ಆರು ವರ್ಷ ತುಂಬಿ ಅದೇ ವರ್ಷ ತೆರೆದ ಎರಡರಲ್ಲಿ ಬರೀ ನೀರು. ಕೊಳ್ಳುತ್ತಿದ್ದ ನ್ಯೂಯಾರ್ಕಿನ ಹೋಟೆಲುಗಳು ಒಂದೊಂದಾಗಿ ಕೈಯೆತ್ತಿದ್ದರಿಂದ ಆ ವರ್ಷದ ದ್ರಾಕ್ಷಿಯನ್ನು ಟೋನಿ ಹಣ್ಣಾಗಿಯೇ ಮಾರಿದ್ದ. ಪೀಪಾಯಿ ಒಣಗಿದರೆ ಹಲಗೆ ಬಿರಿಯುತ್ತದೆಂದು ನೀರು ತುಂಬಿದ್ದ. ಮೂರನೆಯದರಲ್ಲಿ ಮಾತ್ರ 2004ರ ವೈನ್ ಇತ್ತು. ಅದನ್ನು ತೆಗೆಯಬೇಕಾದದ್ದು 2010ರಲ್ಲಿ. ಒಂದಷ್ಟು ಬಾಟಲಿ ಬಿಟ್ಟರೆ ಆ ಮನೆಯಲ್ಲಿ ಉಳಿದ ವೈನೆಂದರೆ ಅದೊಂದೇ.

ಅವರಲ್ಲಿ ಒಂದು ಪದ್ಧತಿ. ಪೀಪಾಯಿ ತುಂಬಿದ ದಿನ ಅದರ ಹಿಂಬದಿಯಲ್ಲಿ, ಗೋಡೆಯ ಕಡೆಗೆ, ಸೀಮೆಸುಣ್ಣದಿಂದ ಇಸವಿ ಬರೆಯುತ್ತಾರೆ. ಬರೆದವನೇ ಅದನ್ನು ತೆರೆಯಬೇಕು. ಅಂದರೆ, ಆರು ವರ್ಷ ಇಲ್ಲಿಯೇ ಇರುತ್ತೇನೆ ಎಂದು ಕೊಟ್ಟ ಮಾತು ಅದು. ಅಜ್ಜ ಬರೆದ, ಅಪ್ಪ ಬರೆದ, ಈಗ ಟೋನಿ. ಮಕ್ಕಳಿರಲಿಲ್ಲ. ಹೆಂಡತಿ ಮಾರ್ಗರೆಟ್ ಮಾರಾಟ, ಫೋನು ನೋಡಿಕೊಳ್ಳುತ್ತಿದ್ದರೇ ಹೊರತು ನೆಲಮಾಳಿಗೆಗೆ ಇಳಿದವರೇ ಅಲ್ಲ. ಮುಂದಿನದನ್ನು ಯಾರು ಬರೆಯುತ್ತಾರೆಂದು ನಾನು ಅಧಿಕಪ್ರಸಂಗ ಮಾಡಿ ಕೇಳಿದ್ದಕ್ಕೆ ಟೋನಿ ದೀಪ ಆರಿಸಿ ಮೆಟ್ಟಿಲು ಹತ್ತಿದ.

ಸತ್ತಾರ್ ಭಾಯ್‌ಗೆ ಪೀಪಾಯಿಯ ಪಟ್ಟಿ ಬಿಗಿಯುವ, ಹಲಗೆ ನೋಡುವ, ಬಾಗಿಲು ಕಿಟಕಿ ರಿಪೇರಿ ಮಾಡುವ ಕೆಲಸ ಸಿಕ್ಕಿತು. ಹೆಂಡದ ಮನೆಯಲ್ಲಿ ಚಾಕರಿಯೇ ಎಂದು ಅಖ್ತರಿ ಮೂರು ದಿನ ಮಾತು ಬಿಟ್ಟರು. ಸತ್ತಾರ್ ಭಾಯ್ ಕೂಡ ಸಮಾಧಾನದಿಂದೇನೂ ಹೋಗಲಿಲ್ಲ. "ಮರದ ಕೆಲ್ಸ ನಂದು, ಒಳಗಿರೋದು ಅವ್ರದ್ದು, ಅಷ್ಟೇ ಅಮ್ಮಾವ್ರೆ. ಸರಿಯೋ ತಪ್ಪೋ ಮೇಲಿರೋನು ನೋಡ್ಕೊತಾನೆ" ಎಂದು ನನ್ನ ಕಾರಿನಲ್ಲಿ ಕೂತು ಹೇಳಿದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ವೈನನ್ನು ಮಾತ್ರ ಕೈಯಿಂದ ಮುಟ್ಟುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಟೋನಿ ಅಂಗಳದ ಹಿಮಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ. ಆಸ್ಪತ್ರೆ, ಆಮೇಲೆ ರಿಹ್ಯಾಬ್, ಒಟ್ಟು ಎರಡು ತಿಂಗಳು. ಪೀಪಾಯಿಯ ಜವಾಬ್ದಾರಿ ನಮ್ಮಿಬ್ಬರ ತಲೆಗೆ ಬಂತು. ವಾರಕ್ಕೊಮ್ಮೆ ಮೇಲಿನ ಬಿರಟೆ ತೆಗೆದು, ಎಷ್ಟು ಕಡಿಮೆಯಾಗಿದೆಯೋ ಅಷ್ಟು ಬಾಟಲಿಯ ವೈನ್ ಸುರಿದು ಕಂಠಮಟ್ಟ ತುಂಬಿಸಬೇಕು, ಇಲ್ಲದಿದ್ದರೆ ಹುಳಿಯಾಗುತ್ತದೆ ಎಂದು ಟೋನಿ ಫೋನಿನಲ್ಲಿ ಹೇಳಿಕೊಟ್ಟ. ಸುಮಾರು ಒಂದು ಜಗ್ ಹಿಡಿಯುತ್ತಿತ್ತು. ಸತ್ತಾರ್ ಭಾಯ್ ಏಣಿ ಹಿಡಿಯುವವರು, ನಾನು ಹತ್ತಿ ಸುರಿಯುವವಳು. ನಮ್ಮ ಅಜ್ಜಿ ಈರುಳ್ಳಿಯನ್ನೂ ಅಡುಗೆಮನೆಯೊಳಗೆ ಬಿಡದವಳು. ಅವಳ ಮೊಮ್ಮಗಳು ಏಣಿಯ ಮೇಲೆ ನಿಂತು ವೈನ್ ಹೊಯ್ಯುತ್ತಿದ್ದಳು. ಕುಡಿಯದ ಇಬ್ಬರು ಸೇರಿ ಪೀಪಾಯಿಗೆ ಕುಡಿಸುತ್ತಿದ್ದೆವು.

ಈ ಜಗ್ಗು ಸತ್ತಾರ್ ಭಾಯ್ ತಲೆಯನ್ನು ಕೊರೆಯತೊಡಗಿತು. ಎಲ್ಲೂ ಸೋರಿಕೆಯಿಲ್ಲ, ಆದರೂ ವಾರಕ್ಕೊಂದು ಜಗ್ ಎಲ್ಲಿಗೆ ಹೋಗುತ್ತಿದೆ? ಮರವೇ ಹೀರಿ ಗಾಳಿಗೆ ಬಿಡುತ್ತಿದೆ ಎಂದು ಅವರು ಸರಿಯಾಗಿಯೇ ಕಂಡುಹಿಡಿದರು. ಅಲ್ಲಿಂದ ಮುಂದೆ ಅವರು ಯೋಚಿಸಿದ್ದು ಚನ್ನಪಟ್ಟಣದ ರೀತಿಯಲ್ಲಿ. ಅವರ ಕಸುಬಿನಲ್ಲಿ ಅರಗು ಕಾಣದ ಮರ ಬಟ್ಟೆ ತೊಡದ ಮಗುವಿದ್ದಂತೆ. ಅರಗು ಹಚ್ಚಿದರೆ ತೇವ ಒಳಗೂ ಬಾರದು, ಹೊರಗೂ ಹೋಗದು. ಇಂಥ ಕಷ್ಟಕಾಲದಲ್ಲಿ ಯಜಮಾನರಿಗೆ ವಾರಕ್ಕೊಂದು ಜಗ್ ನಷ್ಟವೇಕೆ? ಜೊತೆಗೆ, ಕೊಳ್ಳುವವರನ್ನು ಕರೆತರಬೇಕೆಂದು ಮಾರ್ಗರೆಟ್ ಈಸ್ಟರ್‌ಗೆ ಹತ್ತಾರು ಜನರನ್ನು ಕರೆದಿದ್ದರು. ಪೀಪಾಯಿ ನೋಡಿದರೆ ಮಣ್ಣಿನ ಬಣ್ಣ.

ನಾನೇ ಅವರನ್ನು ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗಿ ಅರಗಿನ ಚಕ್ಕೆಯನ್ನೂ ಸ್ಪಿರಿಟ್ಟನ್ನೂ ಕೊಡಿಸಿದೆ. ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಒಂದರ ಮೇಲೊಂದು ಒಂಬತ್ತು ಕೈ ಹಚ್ಚಿದರು. ಮಾರ್ಚ್ ಹೊತ್ತಿಗೆ ಆ ಪೀಪಾಯಿ ಹೇಗೆ ಹೊಳೆಯುತ್ತಿತ್ತೆಂದರೆ, ನಾನು ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಂಡೆ. ಮುಂದಿನ ವಾರ ಬಿರಟೆ ತೆಗೆದರೆ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. "ನೋಡಿದ್ರಾ ಅಮ್ಮಾವ್ರೆ" ಎಂದು ಅವರು ಏಣಿ ಹಿಡಿದುಕೊಂಡೇ ನಕ್ಕರು. ನಾನು ಚಪ್ಪಾಳೆ ತಟ್ಟಿದೆ. ಟೋನಿಗೆ ಇದನ್ನು ಫೋನಿನಲ್ಲಿ ಹೇಳಬಾರದು, ಬಂದಾಗ ನೋಡಿ ಖುಷಿಪಡಲಿ ಎಂದು ಉಪಾಯ ಹೇಳಿದವಳೂ ನಾನೇ.

ಈಸ್ಟರ್‌ಗೆ ಮೂರು ದಿನ ಮುಂಚೆ ಟೋನಿ ವಾಕರ್ ಊರಿಕೊಂಡು ಮೆಟ್ಟಿಲಿಳಿದ. ಪೀಪಾಯಿಯ ಮುಂದೆ ನಿಂತು ಅಂಗೈ ಇಟ್ಟ. ಕೈ ಜಾರಿತು. ಜಗ್ ಎಷ್ಟು ಹಿಡಿಯುತ್ತಿದೆ ಎಂದು ಮಾತ್ರ ಕೇಳಿದ. ಐದು ವಾರದಿಂದ ಒಂದು ಹನಿಯೂ ಬೇಕಾಗಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ನೀವು ಇದರ ಮೂಗು ಮುಚ್ಚಿದ್ದೀರಿ" ಎಂದ.

ಆಮೇಲೆ ಕುಳಿತು ವಿವರಿಸಿದ. ಆ ಒಂದು ಜಗ್ ನಷ್ಟವಲ್ಲ. ಮರದ ಮೂಲಕ ವೈನ್ ಅಷ್ಟಷ್ಟೇ ಹೊರಗೆ ಹೋಗಬೇಕು, ಗಾಳಿ ಅಷ್ಟಷ್ಟೇ ಒಳಗೆ ಬರಬೇಕು. ಹಾಗೆ ಆರು ವರ್ಷ ಉಸಿರಾಡಿದರೆ ಮಾತ್ರ ಒಗರು ಇಳಿದು ಮಾಗುವುದು. ಈಗ ಇದು ಉಸಿರು ಕಟ್ಟಿ ಕೂತಿದೆ. ನಾನು ಇದನ್ನೆಲ್ಲ ಕನ್ನಡಕ್ಕೆ ತಿರುಗಿಸುತ್ತ ಹೋದ ಹಾಗೆ ಸತ್ತಾರ್ ಭಾಯ್ ತಲೆ ಕೆಳಗಾಗುತ್ತ ಹೋಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಅವರಿಗಾದರೂ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಕಂಪ್ಯೂಟರ್ ಮುಂದೆ ಕೂತು ಎಲ್ಲವನ್ನೂ ಟೆಸ್ಟ್ ಮಾಡಿ ಎನ್ನುತ್ತಿದ್ದ ನಾನು ಒಂದು ಮಾತು ಕೇಳಲಿಲ್ಲವಲ್ಲ ಎಂದು ನನ್ನ ಮೇಲೇ ಉರಿದುಬಿದ್ದೆ.

ಎಂದೂ ಇಳಿಯದ ಮಾರ್ಗರೆಟ್ ಅಂದು ಕೆಳಗೆ ಬಂದರು. ಅವರು ಮೊದಲೇ ಒಂದು ಯೋಚನೆ ಮಾಡಿಕೊಂಡಿದ್ದರು. ಹೋಬೋಕನ್ನಿನ ಒಬ್ಬ ವ್ಯಾಪಾರಿ ಈ ವೈನನ್ನು ಇದ್ದ ಹಾಗೇ ಟ್ಯಾಂಕರಿನಲ್ಲಿ ಒಯ್ಯಲು ತಯಾರಿದ್ದನಂತೆ, ಅಡುಗೆಯ ಅಗ್ಗದ ವೈನಿಗೆ ಬೆರೆಸಲು. ಕೆಡುವ ಮೊದಲು ಕೊಟ್ಟುಬಿಡೋಣ, ಸಾಕು ಟೋನಿ ಎಂದರು. ಅವರು ಕೆಟ್ಟವರಲ್ಲ, ದಣಿದಿದ್ದರು. ಟೋನಿ ಬೇಡವೆನ್ನಲಿಲ್ಲ. ವಾಕರನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು, ಪೀಪಾಯಿಯ ಹಿಂದಿನ ಇಕ್ಕಟ್ಟಿನಲ್ಲಿ ತೂರಿದ. ಒಂದೂವರೆ ಅಡಿಯ ಸಂದು ಅದು. ಟಾರ್ಚಿನ ಬೆಳಕು ಅತ್ತಿತ್ತ ಆಡಿತು. ಮುಂಭಾಗಕ್ಕಷ್ಟೇ ಬಳಿದಿದ್ದರೆ ಪೀಪಾಯಿ ಹಿಂದಿನಿಂದಾದರೂ ಉಸಿರಾಡುತ್ತಿತ್ತು. ಅದನ್ನೇ ಹುಡುಕುತ್ತಿದ್ದಾನೆಂದು ನನಗೆ ಹೊಳೆಯಿತು. ಸತ್ತಾರ್ ಭಾಯ್ ಹಿಂಬದಿಗೂ ಒಂಬತ್ತು ಕೈ ಹಚ್ಚಿದ್ದರು, ಪಕ್ಕೆ ತರಚಿಕೊಂಡು, ಉಸಿರು ಬಿಗಿಹಿಡಿದು.

ಟೋನಿ ಒಳಗಿನಿಂದಲೇ ಕೇಳಿದ, "ಇಲ್ಲಿ ಯಾರು ನೋಡುತ್ತಾರೆಂದು ಹಚ್ಚಿದ?"

ನಾನು ಕೇಳಿದೆ. ಸತ್ತಾರ್ ಭಾಯ್ ತಲೆಯೆತ್ತದೆ ಹೇಳಿದರು: "ಯಾರೂ ನೋಡಲ್ಲ ಅಮ್ಮಾವ್ರೆ. ನಮ್ ಕಡೆ ಬೊಂಬೆ ತಳಕ್ಕೂ ಅರಗು ಹಾಕ್ತೀವಿ. ಬಿಟ್ರೆ ಕೆಲ್ಸ ಅರ್ಧ."

ಹಿಂಬದಿಯಲ್ಲಿ ಅವರು ಬಿಟ್ಟಿದ್ದ ಜಾಗ ಒಂದೇ. 2004 ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ ಕಡೆ, ಅಕ್ಷರಕ್ಕೆ ಬಟ್ಟೆ ತಾಗಬಾರದೆಂದು, ಅಂಗೈಯಗಲ ಮರ ಬರಿದಾಗಿ ಉಳಿದಿತ್ತು. ಟೋನಿ ಟಾರ್ಚನ್ನು ಆ ಇಸವಿಯ ಮೇಲೆ ಹಿಡಿದು ನಿಂತ. ಹೊರಗೆ ಬಂದವನ ಕಣ್ಣು ಕೆಂಪಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಮೇ ಕೊನೆಯ ಮೆಮೋರಿಯಲ್ ಡೇವರೆಗೆ ಸಮಯ ಎಂದ. ಅಷ್ಟರೊಳಗೆ ಅರಗು ತೆಗೆದು, ಪೀಪಾಯಿ ಮತ್ತೆ ಜಗ್ ಕೇಳಿದರೆ ಸರಿ. ಕೇಳದಿದ್ದರೆ ಟ್ಯಾಂಕರ್ ಬರುತ್ತದೆ.

ಹಚ್ಚುವುದು ಸುಲಭ, ತೆಗೆಯುವುದೇ ಕಷ್ಟ. ಸ್ಪಿರಿಟ್ ಒರೆಸಿದರೆ ಅರಗು ಕರಗಿ ಮರದ ಒಳಕ್ಕಿಳಿಯುತ್ತದೆ. ಮಷೀನಿನಿಂದ ಉಜ್ಜಿದರೆ ಬಿಸಿಗೆ ಇನ್ನೂ ಅಂಟುತ್ತದೆ, ಅದುರಿದರೆ ಒಳಗೆ ತಳಕ್ಕೆ ಕೂತ ಗಸಿ ಏಳುತ್ತದೆ. ಒಣಗಿದ್ದನ್ನು ಒಣಗಿದ ಹಾಗೇ ಕೈಯಿಂದ ಹೆರೆಯಬೇಕು. ಸತ್ತಾರ್ ಭಾಯ್ ಕಿಟಕಿಯ ಗಾಜನ್ನು ಅಂಗೈಯಷ್ಟಗಲ ಕತ್ತರಿಸಿಕೊಂಡು, ಅದರ ಅಂಚಿನಿಂದ ಹೆರೆಯತೊಡಗಿದರು. ದಿನಕ್ಕೆ ಎರಡು ಗೇಣು. ಅರಗು ಸಣ್ಣ ಪುಡಿಯಾಗಿ ಗಡ್ಡದ ಮೇಲೆ ಬೀಳುತ್ತಿತ್ತು. ನಾನೂ ಒಂದು ಗಾಜು ಹಿಡಿದೆ. ಮೊದಲ ದಿನವೇ ಬೆರಳು ಕೊಯ್ದುಕೊಂಡು ಬೈಗುಳ ಶುರು ಮಾಡಿದಾಗ, ಬೈದ್ರೂ ಕೈ ನಿಲ್ಲಿಸಬೇಡಿ ಎಂದರು.

ನಾಲ್ಕನೆಯ ವಾರ ಅವರ ಸೊಂಟ ಹಿಡಿಯಿತು. ಮುಂಭಾಗ ಮುಗಿದು, ಹಿಂಬದಿಯೂ ಅರ್ಧವಾಗಿತ್ತು. ಬಗ್ಗಿ ಮಾಡಬೇಕಾದ ತಳವೆಲ್ಲ ಹಾಗೇ ಇತ್ತು. ಮಾರನೆಯ ಬೆಳಿಗ್ಗೆ ಕಾರಿನ ಹಿಂದಿನ ಬಾಗಿಲು ತೆಗೆದು ಅಖ್ತರಿ ಹತ್ತಿ ಕೂತರು. ಮಡಿಲಲ್ಲಿ ರೊಟ್ಟಿಯ ಡಬ್ಬಿ, ಕೈಯಲ್ಲಿ ಹಳೆಯ ದುಪಟ್ಟಾ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದವರು ಅವರು. ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ.

"ಹಂಗ್ಯಾಕೆ ನೋಡ್ತೀರಾ ಪದ್ಮಜಮ್ಮ" ಎಂದರು ಅಖ್ತರಿ. "ಹನ್ನೆರಡು ವರ್ಷಕ್ಕೇ ಬೊಂಬೆ ಉಜ್ಜಿದ ಕೈ ಇದು. ಅವ್ರು ಮಾಡಿದ್ದು ತಪ್ಪು ಅಂತ ಅವ್ರೊಬ್ರೇ ಹೆರೀಬೇಕಾ?"

ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಂಡು ನೆಲದ ಮೇಲೆ ಕೂತು, ಹನ್ನೊಂದು ದಿನ ಪೀಪಾಯಿಯ ತಳ ಹೆರೆದರು. ನಮ್ಮಿಬ್ಬರಿಗಿಂತ ಬೇಗ, ನಮ್ಮಿಬ್ಬರಿಗಿಂತ ಚೊಕ್ಕ. ಮಾರ್ಗರೆಟ್ ಮೊದಲು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು, ಆಮೇಲೆ ಚಹಾ ತರತೊಡಗಿದರು. ಒಂದು ದಿನ ಅವರೂ ಒಂದು ಗಾಜು ಕೇಳಿದರು.

ಮೆಮೋರಿಯಲ್ ಡೇಗೆ ಮುಂಚಿನ ಶುಕ್ರವಾರ ಬಿರಟೆ ತೆಗೆದು ನೋಡಬೇಕಾಗಿತ್ತು. ಹೆರೆಯುವುದು ಮುಗಿದು ಒಂದು ವಾರವಾಗಿತ್ತು. ಟೋನಿ ಕುರ್ಚಿಯಲ್ಲಿ ಕೂತಿದ್ದ. ಸತ್ತಾರ್ ಭಾಯ್ ಏಣಿ ಹಿಡಿದರು. ಬಿರಟೆ ತೆಗೆದು ಟಾರ್ಚ್ ಬಿಟ್ಟೆ. ಮಟ್ಟ ಇಳಿದಿತ್ತು. ಜಗ್ಗಿನಿಂದ ಸುರಿದೆ, ಇನ್ನೂ ಸುರಿದೆ. ಮುಕ್ಕಾಲು ಜಗ್ ಹಿಡಿಯಿತು. ಜಗ್ಗನ್ನು ವಾಲಿಸಿ ತಳದಲ್ಲಿ ಉಳಿದದ್ದನ್ನು ಕೆಳಗಿದ್ದವರಿಗೆ ತೋರಿಸಿದೆ.

"ಕುಡೀತಾ?" ಎಂದರು ಸತ್ತಾರ್ ಭಾಯ್.

"ಕುಡೀತು ಸತ್ತಾರ್ ಭಾಯ್."

ಅವರು ಏಣಿಗೆ ಹಣೆ ಒತ್ತಿಕೊಂಡು ಅತ್ತರು. ಟೋನಿಗೆ ಅನುವಾದ ಬೇಕಾಗಲಿಲ್ಲ. ಟ್ಯಾಂಕರ್ ಬರಲಿಲ್ಲ.

ಆಮೇಲಿನ ಒಂದೂವರೆ ವರ್ಷ ಸುಖದ್ದೇನಲ್ಲ. 2009ರ ದ್ರಾಕ್ಷಿಯನ್ನೂ ಹಣ್ಣಾಗಿಯೇ ಮಾರಬೇಕಾಯಿತು. ನನಗೆ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮೊದಲಿಗಿಂತ ಸಣ್ಣ ಕೆಲಸ ಸಿಕ್ಕಿತು, ಸಿಕ್ಕಿದ್ದೇ ಪುಣ್ಯವೆಂದು ದಿನಾ ಕಮ್ಯೂಟ್ ಮಾಡಿದೆ. ಸತ್ತಾರ್ ಭಾಯ್ ಅವರ ಅಳಿಯನಿಗೂ ಒಂದು ಕಾಂಟ್ರಾಕ್ಟ್ ಆಯಿತು. ಹೆರೆದ ಅರಗಿನ ಪುಡಿಯನ್ನು ಸತ್ತಾರ್ ಭಾಯ್ ಎಸೆದಿರಲಿಲ್ಲ, ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಅದನ್ನೇ ಕರಗಿಸಿ ಮೊಮ್ಮಗಳು ನಬೀಲಾಗೆ ಒಂದು ಬುಗುರಿಗೆ ಹಚ್ಚಿಕೊಟ್ಟರು. ಬುಗುರಿಗೆ ಉಸಿರಾಟದ ತೊಂದರೆಯಿಲ್ಲವಷ್ಟೇ ಎಂದು ನಾನು ಕಾಲೆಳೆದೆ.

2010ರ ಅಕ್ಟೋಬರಿನಲ್ಲಿ ಮೂರನೆಯ ಪೀಪಾಯಿ ತೆರೆದರು. ರಜೆ ಹಾಕಿ ಹೋಗಿದ್ದೆ. ಟೋನಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ನಾವು ನಾಲ್ವರೂ ಅವನ ಗಂಟಲನ್ನೇ ನೋಡುತ್ತಿದ್ದೆವು. ನುಂಗಿ, ಮಾರ್ಗರೆಟ್ ಕಡೆ ತಿರುಗಿ, ಅಪ್ಪನ ಕಾಲದ ಹಾಗೇ ಇದೆ ಎಂದ. ಅಷ್ಟು ಹೇಳಿ ಮುಖ ಒರೆಸಿಕೊಂಡ. ಸತ್ತಾರ್ ಭಾಯ್‌ಗೂ ಅಖ್ತರಿಗೂ ಆಗಷ್ಟೇ ಹಿಂಡಿದ ತಾಜಾ ದ್ರಾಕ್ಷಿರಸವನ್ನು ಬೇರೆ ಲೋಟದಲ್ಲಿ ಮಾರ್ಗರೆಟ್ ತಾವೇ ತಂದುಕೊಟ್ಟರು. ನನಗೂ ಅದೇ.

ಆ ವರ್ಷ ನ್ಯೂಯಾರ್ಕಿನ ಎರಡು ಹೋಟೆಲುಗಳು ಮತ್ತೆ ಕೇಳಿದ್ದವು. 2004ರ ನಂತರ ಮೊದಲ ಸಲ ಹೊಸ ವೈನ್ ಪೀಪಾಯಿಗೆ ಹೋಗುವುದಿತ್ತು, ಅದೇ ಮೂರನೆಯದಕ್ಕೆ. ತುಂಬಿದ ದಿನ ಟೋನಿ ಜೇಬಿನಿಂದ ಸೀಮೆಸುಣ್ಣ ತೆಗೆದ. ತೆಗೆದವನು ಹಿಂಬದಿಗೆ ಹೋಗಲಿಲ್ಲ, ಸತ್ತಾರ್ ಭಾಯ್ ಮುಂದೆ ಚಾಚಿದ. ಬರೆದವನೇ ತೆರೆಯಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿದರು. ಇಸವಿ ಬರೆಯುವುದು ಮರದ ಮೇಲೆ ತಾನೇ, ಒಳಗಿರುವುದರ ಮೇಲಲ್ಲವಲ್ಲ ಎಂದಷ್ಟೇ ಅಖ್ತರಿ ಹೇಳಿದರು.

ಸತ್ತಾರ್ ಭಾಯ್ ಸೀಮೆಸುಣ್ಣ ಹಿಡಿದು ಆ ಇಕ್ಕಟ್ಟಿನಲ್ಲಿ ತೂರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಟೋನಿ ಟಾರ್ಚ್ ಹಿಡಿದು ಇಣುಕಿದ, ಹಿಂದಿನಿಂದ ನಾನೂ ಇಣುಕಿದೆ. ಚನ್ನಪಟ್ಟಣದ ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯ ದುಂಡು ಕೈಬರಹದಲ್ಲಿ ೨೦೧೦ ಎಂದು ಬರೆದಿತ್ತು.

ಇದನ್ನು ನಾನು ಹೇಗೆ ಓದಲಿ ಎಂದು ಟೋನಿ ಕೇಳಿದ. ಅನುವಾದ ಮಾಡಿದೆ.

"ಅವ್ರು ಓದ್ಬೇಕಾಗಿಲ್ಲ ಅನ್ನಿ ಅಮ್ಮಾವ್ರೆ" ಎಂದರು ಸತ್ತಾರ್ ಭಾಯ್. "ತೆರೆಯೋನು ನಾನಲ್ವಾ."